ಏಳನೆಯ ಬಾವಿ

ಮಕಾಸ್ಸರಿನ ನಮ್ಮ ಕಾಲೇಜಿನ ಮೂರನೆಯ ಮಹಡಿಯಲ್ಲಿ
ಒಂದು ಬೆಂಚು, ಒಂದು ಕಾಲು ಗಿಡ್ಡ.
ಕಾಲಡಿಗೆ ಮಡಚಿಟ್ಟ ಕಾಗದ
ಯಾರದೋ ಹಳೆಯ ಪ್ರಬಂಧದ ಮುನ್ನುಡಿ.
ನಾವೈದು ಮಂದಿ ಅಲ್ಲಿ
ಪಾಕ್ ಮಪ್ಪಿಯಾಸೆಯವರ ಚಪ್ಪಲಿ ಸದ್ದಿಗೆ ಕಿವಿಯಿಟ್ಟು
ಕೂತೂ ಕೂತೂ ನೆಂಟರಾದೆವು.

ಮೆಟ್ಟಿಲ ಬಳಿ ಲವಂಗದ ಸಿಗರೇಟು ಘಮ್ಮೆಂದರೆ
ಇದ್ದಾರೆ ಎಂದರ್ಥ.
ಎನ್ನದಿದ್ದರೆ, ಇರಲೂಬಹುದು.

ಎಂಟು ವಾರ, ಮೂರು ಕರಡು.
ಮೂರಕ್ಕೂ ಒಂದೇ ಉತ್ತರ: 'ನೋಡಿದೆ.'
ನೋಡಿದ್ದೇನನ್ನು? ರಟ್ಟನ್ನೋ, ನನ್ನ ಹೆಸರನ್ನೋ?
ಕಡಲ ದಂಡೆಯಲ್ಲಿ ಸುಟ್ಟ ಬಾಳೆಹಣ್ಣು ತಿನ್ನುತ್ತ
ಬಸೋ ಆಣೆಯಿಟ್ಟು ಹೇಳಿದ:
'ಹತ್ತನೆಯ ಪುಟದಲ್ಲಿ ಮೀನುಸಾರು ಮಾಡುವ ಬಗೆ ಬರೆದೆ ಕಣೇ,
ಅದನ್ನೂ ನೋಡಿದರಂತೆ.'
ಓದುವ ಪ್ರಾಣಿಯಲ್ಲ ಎಂದು ತೀರ್ಪಾಯಿತು.

ನನ್ನದು ದ್ವೀಪದ ಬಾವಿಗಳ ಉಪ್ಪಿನ ಲೆಕ್ಕ.
ಹನ್ನೊಂದು ಬಾವಿ. ಕಡಲು ಹತ್ತಿರಾದಷ್ಟೂ ಉಪ್ಪು,
ಗೆರೆ ಚೆಂದ ಏರುತ್ತಿತ್ತು
ಏಳನೆಯದೊಂದು ಬಿಟ್ಟು.
ಅಲೆ ಸಿಡಿಯುವಷ್ಟು ಸಮೀಪ, ನೀರು ಮಾತ್ರ ಸಿಹಿ.
ಮುದುಕಿಯೊಬ್ಬಳು ಅಲ್ಲೇ ಅಕ್ಕಿ ತೊಳೆಯುತ್ತಿದ್ದಳು.
ನಾಲ್ಕನೆಯ ಕರಡಿನಲ್ಲಿ ಅದನ್ನು ತೆಗೆದೆ.
ಮಾಪಕದ ದೋಷವೆಂದೂ ಬರೆಯಲಿಲ್ಲ,
ಸುಮ್ಮನೆ ತೆಗೆದೆ,
ಉಳಿದವಕ್ಕೆ ಹೊಸ ಅಂಕಿ ಕೊಟ್ಟೆ.
ಹತ್ತು ಬಾವಿ. ನುಣ್ಣನೆ ಗೆರೆ.

ರಾತ್ರಿ ಎರಡಕ್ಕೆ ಫೋನು ಮಿನುಗಿತು:
'ಏಳನೆಯ ಬಾವಿ ಎಲ್ಲಿ?'

ಬೆಳಗ್ಗೆ ಹೋದೆ. ಕೂತುಕೋ ಎನ್ನಲಿಲ್ಲ.
ಮೇಜಿನ ಮೇಲೆ ನನ್ನ ಮೂರೂ ಕರಡು,
ಅಂಚಿನುದ್ದಕ್ಕೂ ಪೆನ್ಸಿಲಿನ ಇರುವೆಸಾಲು
ಬರೆದು ಅಳಿಸಿದ್ದು, ಅಳಿಸಿ ಬರೆದದ್ದು.
'ನೀನೇ ಕಾಣಲಿ ಅಂತ ಸುಮ್ಮನಿದ್ದೆ' ಎಂದರು.
ಸ್ವಲ್ಪ ತಡೆದು,
'ಸೋಮಾರಿತನವೂ ಇತ್ತು.'
ಕಿಟಕಿಯಾಚೆ ಯಾರೋ ಸ್ಕೂಟರು ತಳ್ಳುತ್ತಿದ್ದರು.
'ನಿನ್ನ ವಯಸ್ಸಿನಲ್ಲಿ ನಾನೂ ಒಂದು ಬಾವಿ ಮುಚ್ಚಿದ್ದೆ.
ಒಳ್ಳೆಯ ಅಂಕ ಬಂತು.'

ಎಂಟು ವಾರದ ಸಿಟ್ಟು ಹೊತ್ತು ಹೋಗಿದ್ದೆ.
ಎಲ್ಲಿ ಇಳಿಸಲಿ, ತಿಳಿಯದೆ
ಹೊತ್ತುಕೊಂಡೇ ಬಂದೆ.

ಶನಿವಾರ ಮತ್ತೆ ದೋಣಿ. ಅವರು ಬರಲಿಲ್ಲ,
ಹಳೆಯ ಟವೆಲಿನಲ್ಲಿ ಸುತ್ತಿ ತಮ್ಮ ಮಾಪಕ ಕಳಿಸಿದ್ದರು.
ಅದೂ ಅದನ್ನೇ ಹೇಳಿತು.
ಮುದುಕಿ ತಂಬಿಗೆ ಚಾಚಿ,
'ಕುಡಿದು ನೋಡಬಾರದೇ, ಚುಚ್ಚುವುದೇಕೆ?' ಎಂದಳು.
ಕುಡಿದೆ.

ಕಾರಣ ಇವತ್ತಿಗೂ ಗೊತ್ತಿಲ್ಲ.
ಐದನೆಯ ಅಧ್ಯಾಯದ ಕೊನೆಗೆ ಹಾಗೆಂದೇ ಬರೆದೆ:
ಏಳನೆಯ ಬಾವಿ ಸಿಹಿ ಏಕೆಂದು ತಿಳಿಯದು.
ಪಕ್ಕದಲ್ಲಿ ಅವರ ಪೆನ್ಸಿಲು, ಈ ಸಲ ಅಳಿಸದೆ:
'ಸಿಹಿ ಆದಮೇಲೆ ಅಲ್ಪವಿರಾಮ.'