ಹೆಬ್ಬೆರಳಿನಷ್ಟು ಜಾಗ

ಚಂದ್ರಗಿರಿ ಹೊಳೆ ಬದಿಯ ಹಳೇ ಹೊಗೆಸೊಪ್ಪಿನ ಗೋದಾಮಿಗೆ
ಸುಣ್ಣ ಹೊಡೆದು, ದೀಪ ತೂಗಿ, ಗ್ಯಾಲರಿ ಅಂದರು.
ಥಂಡಿ ಹಿಡಿದ ದಿನ ಆ ಗೋಡೆ ಈಗಲೂ ಸೀನು ತರಿಸುತ್ತದೆ.
ಜಪಾನಿನ ಆರು ಮಂದಿಯ ಕೆಲಸ ಬರುತ್ತದಂತೆ,
ಹೆಸರಿನ ಚೀಟಿ ಕೈಯಲ್ಲೇ ಬರೆಯಬೇಕಂತೆ.
ಫ್ಲೆಕ್ಸ್ ಬಂದ ಮೇಲೆ ಸೆಟೆದುಕೊಂಡಿದ್ದ ಕುಂಚಗಳನ್ನು
ಸೀಮೆಎಣ್ಣೆಯಲ್ಲಿ ಎರಡು ರಾತ್ರಿ ನೆನೆಹಾಕಿದೆ.

ಮೇಲೆ ಜಪಾನೀ, ಆಮೇಲೆ ಇಂಗ್ಲಿಷು, ಆಮೇಲೆ ಮಲಯಾಳ.
ಕನ್ನಡಕ್ಕೆ? ಎಂದೆ.
ಶ್ರೀಜಿಲ್ ಒಳ್ಳೆಯ ಹುಡುಗ, ಸ್ಕೇಲು ಹಿಡಿದು ಅಳೆದ.
ತಳದಲ್ಲಿ ಹೆಬ್ಬೆರಳಿನಷ್ಟು ಜಾಗ ಉಳಿಯಿತು.
ಸಾಕು. ಮೂವತ್ತು ವರ್ಷ ಬಸ್ಸಿನ ಹಣೆಗೆ ಬರೆದವನು ನಾನು,
ಕುಂಬಳೆ, ಬದಿಯಡ್ಕ, ಮುಳ್ಳೇರಿಯ;
ತುದಿಗೊಂದು ಸೊನ್ನೆ ಬಿದ್ದರೆ ಮಂಜೇಶ್ವರ
ಬೇರೆಯೇ ಊರಾಗುತ್ತದೆಂದು ಬಲ್ಲವನು.
ಇಕ್ಕಟ್ಟಿನಲ್ಲಿ ಬರೆಯುವುದು ನಮ್ಮ ಕಡೆಯ ಕಸುಬು.

ಆರರಲ್ಲಿ ನಾಲ್ಕಕ್ಕೆ ಹೆಸರೇ ಇಲ್ಲ.
ಶ್ರೀಜಿಲ್ ಹೇಳಿದ: ಪೇರಿಲ್ಲ.
ಏಣಿ ಹಿಡಿದಿದ್ದ ಐತ್ತಪ್ಪ ಹೇಳಿದ: ಪುದರ್ ಇಜ್ಜಿ.
ನಾನು ಹೆಸರಿಲ್ಲ, ಹೆಸರಿಲ್ಲ, ಹೆಸರಿಲ್ಲ ಎಂದು
ಲ ಒತ್ತಿನ ಬಾಲ ಮೊಟಕು ಮಾಡಿ ಬರೆಯುತ್ತ ಹೋದೆ.

ಕೊನೆಯ ಪೆಟ್ಟಿಗೆಯಿಂದ ಒಂದು ಹಲಗೆ ಹೊರಬಂತು.
ಅರ್ಧ ಲಡ್ಡಾದ ಮರ, ಮೇಲೆ ನಾಲ್ಕು ಕಪ್ಪು ಅಕ್ಷರ.
ಓದಲು ಬಾರದು. ಆದರೂ ಕಂಡಿತು:
ಎರಡನೆಯದರ ನಡುವೆ ಬಣ್ಣ ಮುಗಿದು
ಮತ್ತೆ ಡಬ್ಬಿಗೆ ಅದ್ದಿದ್ದಾನೆ;
ಕೊನೆಯದಕ್ಕೆ ಜಾಗ ಸಾಲದೆ
ಸೊಂಟ ಹಿಂಡಿ ಕೂರಿಸಿದ್ದಾನೆ.
ಇದು ಚಿತ್ರವಲ್ಲ ಮಾರಾಯಾ, ಬೋರ್ಡು.

ನಿಶಿವಾಕಿ ಎಂಬ ಬೆಳ್ಳಿಗೂದಲಿನ ಹೆಂಗಸು ಹತ್ತಿರ ಬಂದರು.
ಅವರ ಇಂಗ್ಲಿಷು ಶ್ರೀಜಿಲನ ಮಲಯಾಳ ದಾಟಿ
ನನ್ನಲ್ಲಿಗೆ ಮುಟ್ಟುವಾಗ ಇಷ್ಟೇ ಉಳಿದಿತ್ತು:
ಕಡಲು ಏರಿದ ವರ್ಷ. ಗದ್ದೆಯಲ್ಲಿ ಸಿಕ್ಕಿತು.
ಕೊಡೆ ರಿಪೇರಿಯ ಅಂಗಡಿ.
ಅಂಗಡಿಯವನ ಹೆಸರು ಗೊತ್ತು, ಅವನ ಮಗಳದೂ ಗೊತ್ತು.
ಬರೆದವನದು? ಎಂದು ಕೇಳಿಸಿದೆ.
ಅವರು ಹಲಗೆ ಮಗುಚಿದರು. ಇಬ್ಬರೂ ಬಗ್ಗಿ ಹುಡುಕಿದೆವು.
ಮೊಳೆಯ ತೂತು, ಒಂದು ಒಣಗಿದ ಚಿಪ್ಪು.
ನನ್ನ ಬಸ್ಸುಗಳಲ್ಲಿ ಅದೂ ಇಲ್ಲ.

ಆ ರಾತ್ರಿ ಆ ಚೀಟಿಯಲ್ಲಿ ಮೂರು ಭಾಷೆ ಹೆಸರಿಲ್ಲವೆಂದವು.
ನಾಲ್ಕನೆಯದರಲ್ಲಿ, ಹೆಬ್ಬೆರಳಿನಷ್ಟರಲ್ಲಿ,
ಕೊಡೆ ರಿಪೇರಿ
ಎಂದು ಬರೆದು ದೀಪ ಆರಿಸಿದೆ.

ಜನ ಬಂದರು. ಒಬ್ಬರ ಉಪ್ಪಿನ ದಿಬ್ಬ
ತಿಂಗಳಿಡೀ ನಿಲ್ಲಬೇಕಾದದ್ದು, ನಮ್ಮ ಜೂನಿನ ಗಾಳಿಗೆ
ಮೂರೇ ದಿನಕ್ಕೆ ನೀರಾಯಿತು; ಐತ್ತಪ್ಪ ಗೋಣಿ ಹಾಸಿದ.
ಒಬ್ಬರದು ಬರೀ ತೊಟ್ಟಿಕ್ಕುವ ಸದ್ದು:
ಮಾಡು ಸೋರುತ್ತಿದೆಯೆಂದು ಎಲ್ಲರೂ ಮೇಲೆ ನೋಡಿದರು.
ತಳಂಗರೆ ಟೋಪಿಯ ಕಸೂತಿಗೇ ಕಣ್ಣು ತೆತ್ತ ಉಮ್ಮಾಲಿ
ನೀಲಿ ಬಟ್ಟೆಯ ಬಿಳಿ ಹೊಲಿಗೆಯೆದುರು ನಿಂತು
ಯಾರು ಬೇಡವೆಂದರೂ ಕೇಳದೆ ಅಂಚು ಮಗುಚಿ
ಬೆನ್ನು ಸವರಿದಳು. ಎದುರಿಗೆ ಎಲ್ಲರೂ ಚಂದ ಹೊಲಿಯುತ್ತಾರೆ,
ಗಂಟು ಎಲ್ಲಿಟ್ಟಿದ್ದಾಳೆ ನೋಡುತ್ತಿದ್ದೇನೆ, ಎಂದಳು.
ಸಿಕ್ಕಿತಾ?
ಇಲ್ಲ. ಕಳ್ಳಿ!

ನನ್ನ ಚೀಟಿಯನ್ನು ಹನ್ನೊಂದು ದಿನ ಯಾರೂ ಕೇಳಲಿಲ್ಲ.
ಪೇಪರಿನವರು ಬಂದರು, ಆಫೀಸರು ಬಂದರು,
ಮೇಲಿನ ಸಾಲುಗಳ ಫೋಟೋ ತೆಗೆದರು.
ಹನ್ನೆರಡಕ್ಕೆ ಕನ್ನಡ ಶಾಲೆಯ ಸಾಲಿನಿಂದ
ಒಬ್ಬಳು ಹಿಂದುಳಿದಳು. ಮಂಡಿಯೂರಿ, ಬೆರಳಿಟ್ಟು,
ಕೂಡಿಸಿ ಕೂಡಿಸಿ ಓದಿದಳು. ಕಡ್ಡಿ ಮುರಿದ ಕೊಡೆ
ನನ್ನೆದುರು ಎತ್ತಿ ಹಿಡಿದಳು: ಎಷ್ಟಾಗ್ತದೆ?

ಇವರು ಬಾಗಿಲು ಹಾಕಿದ್ದಾರೆ ಮಗಾ,
ಹಳೇ ಬಸ್‌ಸ್ಟ್ಯಾಂಡಿನ ಹತ್ತಿರ ಕೇಳಿ ನೋಡು.

ಅವಳು ಹಲಗೆಯನ್ನು ಇನ್ನೊಮ್ಮೆ ನೋಡಿದಳು.
ಮತ್ತೆ ಯಾವಾಗ ತೆಗೀತಾರೆ?