ನೂರಾ ಹದಿನಾಲ್ಕನೇ ಮೈಲಿ

ರಾತ್ರಿ ಮೂರೂವರೆಗೆ ಫೋನು.
"ಮುಂದಕ್ಕೂ ಹೋಗ್ತಿಲ್ಲ, ಹಿಂದಕ್ಕೂ ಇಲ್ಲ.
ಇಂಜಿನ್ ಕೂಗ್ತಿದೆ, ಚಕ್ರಕ್ಕೆ ಕೇಳಿಸ್ತಿಲ್ಲ."
ದನಿಯಲ್ಲೇ ಗುರುತು ಸಿಕ್ಕಿತು: ಲೋರ್ನಾ ಕುಚೇರಾ,
ಜೇನಿನವಳು.
ಎಲ್ಲಿ ಅಂದೆ. ನೂರಾ ಹದಿನಾಲ್ಕನೇ ಮೈಲಿ,
ಏರಿನ ಅರ್ಧಕ್ಕೆ.
"ಬೇಗ ಬಾ ವೆಂಡೆಲ್, ಸೂರ್ಯನಿಗಿಂತ ಮೊದಲು ಬಾ."

ಕೆಟ್ಟು ನಿಂತದ್ದಕ್ಕೆ ಕೊಕ್ಕೆ ಹಾಕಿ ಎಳೆಯುವುದು ನನ್ನ ಕೆಲಸ.
ನೆಬ್ರಾಸ್ಕಾದ ಈ ಮರಳುದಿಬ್ಬಗಳ ನಡುವೆ
ಯಾವ ಏರು ಯಾರ ಗೇರ್‌ಬಾಕ್ಸ್ ನುಂಗಿತೆಂದು
ಪಾದ್ರಿಗೆ ಗೋರಿಗಳು ಗೊತ್ತಿರುವ ಹಾಗೆ
ನನಗೆ ಗೊತ್ತು.
ಇದೇ ಮಾದರಿಯ ಪಿಕಪ್, ಈ ವರ್ಷಕ್ಕೆ ಒಂಬತ್ತನೆಯದು.
ಎಂಟನೆಯದು ಆಸ್ಮಸ್‌ನದು, ಕುದುರೆಗೆ ಲಾಳ ಕಟ್ಟುವವನದು.
ಸಿಟ್ಟಿಗೆ ಬಾಗಿಲಿಗೆ ಒದ್ದು ಕಾಲ್ಬೆರಳು ಮುರಿದುಕೊಂಡ.
ಬಾಗಿಲಿಗೆ ಏನೂ ಆಗಲಿಲ್ಲ.
ಬಾಗಿಲು ಚೆನ್ನಾಗಿ ಮಾಡಿದ್ದಾರೆ.

ನಾನು ಹೋದಾಗ ಅವಳು ಟಾರ್ಚು ಕಚ್ಚಿಕೊಂಡು
ಬಾನೆಟ್ಟಿನೊಳಗೆ ಅರ್ಧ ಇಳಿದಿದ್ದಳು.
ಒಲೆಯ ಮೇಲೆ ಮರೆತ ಬಾಣಲೆಯ ವಾಸನೆ.
ಎಣ್ಣೆ ನೋಡೋಣವೆಂದರೆ ಅಳೆಯುವ ಕಡ್ಡಿಯೇ ಇಲ್ಲ.
"ಆಯುಷ್ಯಕ್ಕೆ ಸಾಲುವಷ್ಟು ತುಂಬಿದೆ" ಎಂದಿದೆ
ಜೊತೆಗೆ ಕೊಟ್ಟ ಪುಸ್ತಕ.
ಯಾರ ಆಯುಷ್ಯ ಎಂದಿಲ್ಲ.

ಅರವತ್ತು ಸಾವಿರ ಮೈಲಿಗೆ ಖಾತ್ರಿ ಇತ್ತು.
ಮೀಟರಿನಲ್ಲಿ ಅರವತ್ತು ಸಾವಿರದ ಏಳ್ನೂರ ಹನ್ನೆರಡು.
"ನಲವತ್ತೊಂದಕ್ಕೇ ಹೇಳಿದ್ದೆ," ಅಂದಳು,
"ಎರಡರಿಂದ ಮೂರಕ್ಕೆ ಹೋಗುವಾಗ
ಹಿಂದಿನಿಂದ ಯಾರೋ ಗುದ್ದಿದ ಹಾಗಾಗ್ತದೆ ಅಂತ.
ಆ ಷೋರೂಮಿನ ಹುಡುಗ ಏನಂದ ಗೊತ್ತಾ?
ಗೇರ್‌ಬಾಕ್ಸು ನಿಮ್ಮ ಕಾಲಿನ ಅಭ್ಯಾಸ ಕಲೀತಿದೆ ಮೇಡಂ,
ಸ್ವಲ್ಪ ಸಮಯ ಕೊಡಿ."
ಉಗುಳಿದಳು.
"ಮೂರು ವರ್ಷ ಓದಿ ಫೇಲಾಯ್ತು ನೋಡು.
ಫೀಸು ಇನ್ನೂ ಇಪ್ಪತ್ತಾರು ಕಂತಿದೆ."

ಪಿಕಪ್ ನನ್ನ ಲಾರಿಗೆ ಏರೀತು.
ಹಿಂದಿನ ಟ್ರೇಲರು, ಅದರ ಮೇಲೆ ಬಲೆ ಹೊದ್ದ
ನಲವತ್ತೆಂಟು ಪೆಟ್ಟಿಗೆ, ಏರುವುದಿಲ್ಲ.
ಅವಳ ಅಕ್ಕನ ಮಗ ತೊಂಬತ್ತು ಮೈಲಿಯಾಚೆ
ಇನ್ನೊಂದು ಗಾಡಿಗಾಗಿ ಯಾರನ್ನೋ ಎಬ್ಬಿಸುತ್ತಿದ್ದ.
ಕಾದೆವು. ನನ್ನ ಫ್ಲಾಸ್ಕಿನ ಕಾಫಿ ಮುಗಿಯಿತು.
ದಿಬ್ಬದ ಹಿಂದೆ ಬೆಳಕು
ಮೆಲ್ಲಗೆ, ಸಾಲ ಕೇಳಲು ಬಂದವನ ಹಾಗೆ.
ಪೆಟ್ಟಿಗೆಗಳೊಳಗೆ ಗುಂಯ್ ಎನ್ನುವುದು ಏರಿತು.
ಜೂನ್ ತಿಂಗಳ ಬಿಸಿಲು. ಬಲೆಯೊಳಗೇ ಬಿಟ್ಟರೆ
ಬೆಂದುಹೋಗುತ್ತವೆ.

ಏಳೂವರೆಗೆ ಅವಳೇ ಬಲೆ ಬಿಚ್ಚಿದಳು.

ಕುಟುಕುತ್ತವೆಂದು ನಾನು ಗಾಜು ಏರಿಸಿ ಕೂತೆ.
ನಮ್ಮ ಗೊಡವೆಯೇ ಇರಲಿಲ್ಲ ಅವಕ್ಕೆ.
ಪೆಟ್ಟಿಗೆಯ ಕಡೆಗೇ ಮುಖವಿಟ್ಟು
ಹಿಂದಕ್ಕೆ ಹಿಂದಕ್ಕೆ ಹಾರುತ್ತ, ಸುತ್ತು ಅಗಲಿಸುತ್ತ
ಜಾಗ ಗುರುತು ಹಾಕಿಕೊಂಡವು:
ಇಲ್ಲಿ ಬಿಳಿ ಬಾನೆಟ್ಟು,
ಇಲ್ಲಿ ಮೈಲಿಯ ಹಸಿರು ತಗಡು,
ಇಲ್ಲೊಬ್ಬ ಹೆಂಗಸು ಫೋನಿಗೆ ಬೈಯುತ್ತಿದ್ದಾಳೆ.
ಆಮೇಲೆ ಕ್ಲೋವರ್ ಹುಡುಕಿ ಹೋದವು.
"ಇವು ಒಂದೇ ಬೆಳಿಗ್ಗೆಗೆ ಕಲೀತವೆ," ಅಂದಳು,
ನನಗಲ್ಲ.

ಹತ್ತಕ್ಕೆ ಹುಡುಗ ಬಂದ. ಮನೆಯಲ್ಲಿದ್ದವರನ್ನಷ್ಟೇ
ಹೊದಿಸಿಕೊಂಡು ಟ್ರೇಲರು ಹೋಯಿತು.
ಷೋರೂಮಿನವರು ಆರು ಸಾವಿರದ ಎಂಟುನೂರು ಡಾಲರ್ ಅಂದರು.
ಸದ್ಭಾವನೆಯಿಂದ ನೂರಕ್ಕೆ ಹತ್ತು ಬಿಟ್ಟರು.

ಮರುದಿನ ಸಂಜೆ ಅದೇ ಏರಿನಲ್ಲಿ
ಖಾಲಿ ಲಾರಿಯಲ್ಲಿ ಬರುತ್ತಿದ್ದೆ.
ತಗಡಿನ ಬೆನ್ನಿಗೆ, ಮುಷ್ಟಿಯಷ್ಟು,
ಕಂದು ಬಣ್ಣದ್ದೇನೋ ಮಿಸುಕುತ್ತಿತ್ತು.
ಪಕ್ಕದಲ್ಲಿ ಯಾರದೋ ಪುಟ್ಟ ನೀಲಿ ಕಾರು.
ಲೋರ್ನಾ ಮಂಡಿಯೂರಿ, ಬಾತುಕೋಳಿಯ ಗರಿಯಲ್ಲಿ
ಒಂದೊಂದೇ ಹಿಡಿ ರಟ್ಟಿನ ಪೆಟ್ಟಿಗೆಗೆ ಸವರಿ ಹಾಕುತ್ತಿದ್ದಳು.

"ಇಷ್ಟಕ್ಕೆ ಇಷ್ಟು ದೂರವಾ?" ಅಂದೆ,
"ಪೆಟ್ರೋಲಿನ ಕಾಸೂ ಹುಟ್ಟಲ್ಲ."
"ನಿಂತಿದ್ದು ನನ್ನ ಗಾಡಿ ತಾನೇ."

ಮತ್ತೇನೂ ಹೇಳಲಿಲ್ಲ.
ಇನ್ನೊಂದೆರಡು ಹೊರಗಿವೆ ಅಂತ
ಪೆಟ್ಟಿಗೆಯ ಬಾಯಿ ತೆರೆದೇ ಇಟ್ಟು
ರಸ್ತೆಯಂಚಿಗೆ ಕೂತಳು.
ನಾನು ಲಾರಿಯ ದೀಪ ಆರಿಸಿದೆ.