ಐದನೆಯ ಗುಂಡು

ಒಳಗೆ ತರಬೇಡ, ಸೈಮಿ. ಮೊಗಸಾಲೆಯ ಕಪಾಟಲ್ಲಿಟ್ಟು ಬೀಗ ಹಾಕು.
ಸೊನ್ನೆಗಿಂತ ಇಪ್ಪತ್ತೆರಡು ಕೆಳಗಿನಿಂದ ಎದ್ದು ಬಂದದ್ದನ್ನು
ಸೀದಾ ಒಲೆಯ ಮುಂದೆ ಕೂರಿಸಿದರೆ ಕಬ್ಬಿಣವೂ ಬೆವರುತ್ತದೆ.
ಆ ಬೆವರು ನಾಳೆ ಹಿಮದಲ್ಲಿ ಹರಳುಗಟ್ಟಿ
ಟ್ರಿಗರಿನ ಸಂದಿಯಿಂದ ನಿನಗೆ ಹಲ್ಲು ಕಿರಿಯುತ್ತದೆ.
ಒಂದು ಗಂಟೆ ಕಾಯಲಿ ಅದು. ನೀನು ಕಾಫಿ ಕುಡಿ.

ಮೂರು ಸ್ಪರ್ಧೆ. ಮೂರರಲ್ಲೂ, ನಿಂತು ಹೊಡೆಯುವ ಸರದಿಯಲ್ಲಿ,
ನಾಲ್ಕು ತಗುಲಿದವು, ಐದನೆಯದು ತಪ್ಪಿತು ಅನ್ನುತ್ತೀಯ.
ಟ್ರಿಗರ್ ಬಿಗಿ, ಸಡಿಲಿಸಿಕೊಡು ಹಿಲ್ಕಾ ಅನ್ನುತ್ತೀಯ.
ಹದಿನೇಳರ ಬೆರಳಿಗೆ ಯಾವಾಗಲೂ ಟ್ರಿಗರೇ ಬಿಗಿ.

ಎಣ್ಣೆ ಬಂದಾಗ ಕಣ್ಣು ಮುಚ್ಚುವುದೇ ಸರಿ, ಈ ಸೊಟ್ಕಮೊದಲ್ಲಿ.
ಜನವರಿಯಲ್ಲಿ ಅದು ಜೇನಿನಂತೆ ಮಂದವಾಗಿ
ಬೋಲ್ಟಿಗೆ ಜೋಗುಳ ಹಾಡುತ್ತದೆ. ಒರೆಸಿಬಿಡು, ಒಣಗಲೇ ಇರಲಿ.
ಸರಳು ತೂರಿಸುವುದಾದರೆ ಹಿಂದಿನಿಂದ; ಬಾಯಿಯಿಂದ ತೂರಿಸಿದರೆ
ನಳಿಗೆಯ ಅಂಚು ಸವೆದು, ಗುಂಡು ಹೊಸ್ತಿಲಲ್ಲೇ ಎಡವುತ್ತದೆ.
ಹೊಸ್ತಿಲು ಎಡವಿ ಹೊರಟದ್ದು ಐವತ್ತು ಮೀಟರು ನಡೆಯುವಷ್ಟರಲ್ಲಿ
ಬೇರೆ ಊರಿಗೆ ಹೋಗಿರುತ್ತದೆ.

ಗಂಟೆಯಾಯಿತು. ತಾ.
ಖಾಲಿಯೇ ಎಂದು ನೀನು ನೋಡು, ಆಮೇಲೆ ನಾನೂ ನೋಡುತ್ತೇನೆ.
ತೂಕದ ಗುಂಡು ತೂಗಿಹಾಕಿದೆ: ಐನೂರ ಇಪ್ಪತ್ತು ಗ್ರಾಂ.
ನಿಯಮಕ್ಕಿಂತ ಒಂದು ಗುಬ್ಬಿಮರಿಯಷ್ಟು ಹೆಚ್ಚು.
ಆ ಮರಿಯನ್ನು ನಾನು ಕೊಲ್ಲುವುದಿಲ್ಲ.
ಬಂದೂಕಿನ ಬೆನ್ನನ್ನು ದವಡೆಗೊತ್ತಿ ಎಳೆದೆ,
ಕಿವಿ ಸುಳ್ಳು ಹೇಳಿದರೂ ಮೂಳೆ ಹೇಳುವುದಿಲ್ಲ:
ಮಂಜುಗಡ್ಡೆಯ ಕಡ್ಡಿ ಮುರಿದಂತೆ ಒಂದೇ ಶಬ್ದ.
ತೊದಲಿಲ್ಲ, ಉಗ್ಗಿಲ್ಲ.

ನನ್ನ ಹತ್ತಿರ ಒಂದು ತಗಡಿನ ಡಬ್ಬಿಯಿದೆ.
ತಪ್ಪಿದ ಗುಂಡುಗಳ ಕಾರಣಗಳನ್ನು ಅದರಲ್ಲಿಡುತ್ತೇನೆ.
ಹಿಂದಿನ ಕಣ್ಣಿನ ತೂತಿಗೆ ಅಡ್ಡ ಮಲಗಿದ್ದ ಸ್ಪ್ರೂಸ್ ಮರದ ಸೂಜಿ,
ಕೈಗವಸಿನ ಕೆಂಪು ಉಣ್ಣೆಯ ಎಳೆ,
ಅರ್ಧ ಸುತ್ತು ಸಡಿಲಗೊಂಡ ಸ್ಕ್ರೂ,
ಯಾರದೋ ಜೇಬಿನ ರೈ ರೊಟ್ಟಿಯ ಚೂರು.
ನಿನ್ನದನ್ನು ಪೂರ್ತಿ ಬಿಚ್ಚಿ ಬೆಂಚಿನ ಮೇಲೆ ಹರಡಿದೆ.
ಡಬ್ಬಿಗೆ ಹಾಕಲು ಏನೂ ಸಿಗಲಿಲ್ಲ.

ಆದರೆ ಈ ಕೆನ್ನೆಮರ.
ನಾನೇ ಕೆತ್ತಿದ ಅಕ್ರೋಟು, ಎರಡು ಚಳಿಗಾಲ ನಿನ್ನ ಚರ್ಮ ಉಜ್ಜಿ
ಒಂದು ಕಡೆ ಕನ್ನಡಿಯಾಗಿದೆ, ನೋಡು, ಇಲ್ಲಿ.
ಇದರ ಮೇಲಂಚಿಗೆ ಇನ್ನೊಂದು ಗೆರೆ, ಸಣ್ಣದು,
ಕೆನ್ನೆ ಜಾರಿ ಮೇಲೆದ್ದ ದಾರಿ.
ಗುಂಡು ಹೊರಡುವ ಮುಂಚೆಯೇ ತಲೆ ಎತ್ತುತ್ತೀಯ ನೀನು.
ಒಂದಕ್ಕೆ, ಎರಡಕ್ಕೆ, ನಾಲ್ಕಕ್ಕೂ ಅಲ್ಲ.

ಬೇಲಿಯ ಆಚೆ ದುರ್ಬೀನು ಹಿಡಿದು
ಯಾರು ನಿಂತಿರುತ್ತಾರೆಂದು ನಾನು ಕೇಳಲಿಲ್ಲ.
ನೀನು ಕಾಫಿಯ ಲೋಟ ಒಂದು ಸುತ್ತು ತಿರುಗಿಸಿದೆ.
ನನ್ನಪ್ಪನಿಗೆ ದುರ್ಬೀನು ಇರಲಿಲ್ಲ,
ಕಡವೆ ಬೇಟೆಯವರ ಕೋವಿ ರಿಪೇರಿ ಮಾಡುತ್ತಿದ್ದ ಕೈಗಳನ್ನು
ಬರೀ ಕಟ್ಟಿಕೊಂಡು ನಿಲ್ಲುತ್ತಿದ್ದ.
ಅಷ್ಟಕ್ಕೇ ನನ್ನ ಐದನೆಯದು, ಒಂದಿಡೀ ಚಳಿಗಾಲ,
ಹಿಮಕ್ಕೆ ಹೋಯಿತು.

ಮರವನ್ನು ಅರ್ಧ ಮಿಲಿಮೀಟರ್ ಏರಿಸಿದ್ದೇನೆ,
ಭುಜದ ಕಡೆ ಒಂದು ತಗಡು ಸೇರಿಸಿದ್ದೇನೆ; ಬೆಳೆದಿದ್ದೀಯ.
ಟ್ರಿಗರ್ ಮುಟ್ಟಿಲ್ಲ.
ಮುಟ್ಟಿಲ್ಲ ಅಂತ ಹೇಳಿಯೇ ಕೊಡುತ್ತಿದ್ದೇನೆ. ದುಡ್ಡು ಮರಕ್ಕೆ ಮಾತ್ರ.

ಮಂಗಳವಾರ ಸಂಜೆ, ಹೆಪ್ಪುಗಟ್ಟಿದ ಕೆರೆಯ ಆಚೆ
ಒಂದೇ ದೀಪದ ಕೆಳಗೆ ಯಾರೋ ಒಬ್ಬರು.
ಅರ ಕೆಳಗಿಟ್ಟು ಕಿಟಕಿ ತೆರೆದೆ, ಅಂಗಡಿಯ ಬಿಸಿಯೆಲ್ಲ ಓಡಿಹೋಯಿತು.
ಟಣ್.
ಟಣ್. ಟಣ್.
ಟಣ್.
ಆಮೇಲೆ ಬಹಳ ಹೊತ್ತು ಏನೂ ಇಲ್ಲ.
ಪರವಾಗಿಲ್ಲ, ಮಗಾ, ಅಂದೆ ಗಾಳಿಗೆ.
ಕೆನ್ನೆ ಅಲ್ಲೇ ಇರಲಿ.